ಕಂಪನಿಗಳ 'ಗವರ್ನಮೆಂಟ್ ಅಫೇರ್ಸ್' ಮುಖ್ಯಸ್ಥರಿಗೆ ಇಷ್ಟು ತೂಕ ಯಾಕೆ ಬಂತು? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಹೇಳಿ

ಕೋಟೆ_ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಎಲ್‌ಎಲ್‌ಬಿ ಮುಗಿಸಿದ್ದಾಳೆ. ನಮ್ಮ ಭಾಗದ ಒಂದು ದೊಡ್ಡ ಕಂಪನಿಯ 'ಗವರ್ನಮೆಂಟ್ ಅಫೇರ್ಸ್', ಅಂದ್ರೆ ಸರ್ಕಾರದ ಜೊತೆಗಿನ ವ್ಯವಹಾರ ನೋಡಿಕೊಳ್ಳೋ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಸಂಬಳ ಚೆನ್ನಾಗಿದೆ. ಆದ್ರೆ ನಮ್ಮಪ್ಪ "ಕಾನೂನು ಓದಿ ಬ್ರೋಕರ್ ಕೆಲಸ ಮಾಡ್ತೀಯಾ" ಅಂತ ಮಾತು ಬಿಟ್ಟಿದ್ದಾರೆ. ಮೊದಲು ಇದೇ ಕೆಲಸಕ್ಕೆ ಲೈಸನ್ ಆಫೀಸರ್ ಅಂತಿದ್ರು, ಆಫೀಸಿನ ಮೂಲೆಯಲ್ಲಿ ಒಂದು ಟೇಬಲ್ ಇರ್ತಿತ್ತು. ಈಗ ಆ ವಿಭಾಗದ ಮುಖ್ಯಸ್ಥರು ನೇರ ಎಂಡಿಗೆ ರಿಪೋರ್ಟ್ ಮಾಡ್ತಾರಂತೆ, ಬೋರ್ಡ್ ಮೀಟಿಂಗಿಗೂ ಕರೀತಾರಂತೆ. ಇಷ್ಟು ಬದಲಾಗೋಕೆ ಕಾರಣ ಏನು? ಇದರಿಂದ ನಮ್ಮ ಜಿಲ್ಲೆಗಳಿಗೆ ಒಳ್ಳೇದಾ ಕೆಟ್ಟದ್ದಾ? ಗೊತ್ತಿದ್ದವರು ಬಿಚ್ಚಿ ಹೇಳಿ.

ಗುಂಜಳ್ಳಿ_ರಾಯಚೂರು
ಅಪ್ಪಾರು ಹೇಳಿದ್ದು ಖರೇ ಅದ. ಹೆಸರು ಬದಲಾಗ್ಯದ, ಕೆಲಸ ಅದೇ.

ಡೋಣಿಮಲೆ_ನಿವೃತ್ತ
ಗುಂಜಳ್ಳಿಯವರೇ, ಅಷ್ಟು ಸುಲಭಕ್ಕೆ ತೀರ್ಪು ಕೊಡಬೇಡಿ. ನಾನು ಗಣಿ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಒಂದು ಉದಾಹರಣೆ ಹೇಳ್ತೀನಿ, ಕೇಳಿ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಹಂತ ಹಂತವಾಗಿ ಬಿಟ್ಟರೂ ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು, ಹೊರದೇಶಕ್ಕೆ ಕಳಿಸೋ ಹಾಗಿಲ್ಲ ಅಂತ ಇತ್ತು. ಗಣಿಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಕೊನೆಗೆ 2022ರ ಮೇ 20ರಂದು ಕೋರ್ಟು ನೇರ ಮಾರಾಟಕ್ಕೂ ರಫ್ತಿಗೂ ಒಪ್ಪಿಗೆ ಕೊಟ್ಟಿತು. ಸಂಡೂರಲ್ಲಿ ಅವತ್ತು ಹಬ್ಬ. ಮಾರನೇ ದಿನ, ಮೇ 21ರಂದು, ದೆಹಲಿಯಿಂದ ಆದೇಶ ಬಂತು: ಅದಿರಿನ ರಫ್ತಿಗೆ ಶೇ 50 ಸುಂಕ, ಪೆಲೆಟ್‌ಗೆ (ಪುಡಿ ಅದಿರಿನ ಉಂಡೆ) ಶೇ 45, ಕೆಲವು ಉಕ್ಕಿನ ಸಾಮಾನಿಗೆ ಶೇ 15, ಮೇ 22ರಿಂದಲೇ ಜಾರಿ. ಕೋರ್ಟು ತೆಗೆದ ಬಾಗಿಲನ್ನ ಹಣಕಾಸು ಇಲಾಖೆ ಒಂದೇ ದಿನದಲ್ಲಿ ಮುಚ್ಚಿತು. ನವೆಂಬರ್ 19ಕ್ಕೆ ಪೆಲೆಟ್, ಉಕ್ಕು, ಕಡಿಮೆ ದರ್ಜೆ ಅದಿರಿನ ಸುಂಕ ಪೂರಾ ತೆಗೆದರು. ಮೇಲ್ದರ್ಜೆ ಅದಿರಿಗೆ ಮತ್ತೆ ಶೇ 30 ಮಾಡಿದರು.

ಈ ಆರು ತಿಂಗಳಲ್ಲಿ ಯಾವ ಕಂಪನಿ ಎಷ್ಟು ಕಳಕೊಂಡಿತು ಅನ್ನೋದು ಗಣಿಯೊಳಗಿನ ಎಂಜಿನಿಯರ್ ಕೈಲಿ ಇರಲಿಲ್ಲ. ಡಂಪರ್‌ಗೆ ಡೀಸೆಲ್ ಉಳಿಸಿ ಟನ್ನಿಗೆ ಹತ್ತು ರೂಪಾಯಿ ಉಳಿತಾಯ ಮಾಡಿದವನಿಗೆ ಬಹುಮಾನ ಕೊಡ್ತೀವಿ. ಟನ್ನಿಗೆ ಸಾವಿರಾರು ರೂಪಾಯಿ ಅಲ್ಲಾಡಿಸೋ ಆದೇಶ ಯಾವಾಗ ಬರುತ್ತೆ, ಯಾಕೆ ಬರುತ್ತೆ ಅಂತ ಮೊದಲೇ ಅಂದಾಜು ಹೇಳೋನಿಗೆ ಬೋರ್ಡಿನಲ್ಲಿ ಕುರ್ಚಿ ಸಿಗೋದರಲ್ಲಿ ಆಶ್ಚರ್ಯ ಏನಿದೆ?

ಸಂಡೂರ್_ಗುಡ್ಡ
ಒಂದು ತಿದ್ದುಪಡಿ ಹಿರಿಯರೇ. ರಫ್ತು ನಿಂತಿದ್ದು 2011ರ ಕೋರ್ಟ್ ಆದೇಶದಿಂದ ಶುರುವಾಗಿದ್ದಲ್ಲ. ರಾಜ್ಯ ಸರ್ಕಾರವೇ 2010ರಲ್ಲಿ ರಫ್ತಿಗೆ ಪರ್ಮಿಟ್ ನಿಲ್ಲಿಸಿತ್ತು. ಇನ್ನೊಂದು ಮಾತು, ಸುಂಕ ಬಂದಾಗ ಎಲ್ಲರೂ ಅತ್ತಿಲ್ಲ. ಗಣಿಯವರಿಗೆ ನಷ್ಟವಾದ್ರೆ ಅದಿರು ಕೊಳ್ಳೋ ಸ್ಪಂಜ್ ಐರನ್ ಫ್ಯಾಕ್ಟರಿಗೆ ಅಗ್ಗ ಆಯ್ತು. ಒಂದೇ ಆದೇಶಕ್ಕೆ ಒಂದೇ ಜಿಲ್ಲೆಯ ಎರಡು ಗುಂಪು ದೆಹಲಿಗೆ ಎದುರುಬದುರು ಮನವಿ ಹಿಡ್ಕೊಂಡು ಹೋಗ್ತಾವೆ.

ಡೋಣಿಮಲೆ_ನಿವೃತ್ತ
ಹೌದು, 2010. ಆ ಎದುರುಬದುರು ಇರೋದರಿಂದಲೇ ಪ್ರತಿಯೊಬ್ಬರಿಗೂ ತಮ್ಮ ಕಡೆ ಮಾತಾಡೋ ಮನುಷ್ಯ ಬೇಕಾಗಿದ್ದು. ಇದು ಖಾಸಗಿಯವರ ಪಾಡು ಮಾತ್ರ ಅಂತಲೂ ತಿಳಿಯಬೇಡಿ. ಎನ್‌ಎಂಡಿಸಿ ಕೇಂದ್ರ ಸರ್ಕಾರದ್ದೇ ಕಂಪನಿ. 2018ರಲ್ಲಿ ಡೋಣಿಮಲೆ ಲೀಸ್ ಮುಂದುವರಿಸೋಕೆ ರಾಜ್ಯ ಸರ್ಕಾರ ಅದಿರಿನ ಮಾರಾಟ ಬೆಲೆಯ ಶೇ 80 ಪ್ರೀಮಿಯಂ ಕೇಳ್ತು. ಕಂಪನಿ ಒಪ್ಪಲಿಲ್ಲ, ನವೆಂಬರ್‌ನಲ್ಲಿ ಗಣಿ ನಿಂತಿತು. ಮತ್ತೆ ಶುರುವಾಗಿದ್ದು 2021ರ ಫೆಬ್ರವರಿಯಲ್ಲಿ, ಶೇ 22.5ಕ್ಕೆ ಮಾತು ಕುದುರಿದ ಮೇಲೆ. ಸರ್ಕಾರಕ್ಕೂ ಸರ್ಕಾರಕ್ಕೂ ನಡುವೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಫೈಲ್ ಓಡಾಡಿತು. ನಮ್ಮ ಟೌನ್‌ಶಿಪ್ಪಿನ ಹೋಟೆಲು, ಲಾರಿ, ಗ್ಯಾರೇಜು ಎಲ್ಲಾ ಸೊರಗಿ ಹೋದವು.

ಗಿಣಿಗೇರಿ_ಮಂದಿ
ನೀವೆಲ್ಲಾ ಕಂಪನಿ ನಷ್ಟದ ಬಗ್ಗೇನ ಮಾತಾಡಾಕತ್ತೀರಿ. ಕೊಪ್ಪಳದ್ದು ಒಂದೀಟು ಕೇಳ್ರಿ.

2025ರ ಫೆಬ್ರವರಿಯಾಗ ಬೆಂಗಳೂರು ಅರಮನೆ ಮೈದಾನದಾಗ ಇನ್ವೆಸ್ಟ್ ಕರ್ನಾಟಕ ಸಮಾವೇಶ ಆತು. ಬಲ್ದೋಟ ಗುಂಪಿನ ಬಿಎಸ್‌ಪಿಎಲ್ ಕೊಪ್ಪಳದಾಗ 54,000 ಕೋಟಿ ರೂಪಾಯಿ ಉಕ್ಕಿನ ಕಾರ್ಖಾನಿ ಮಾಡತೈತಿ ಅಂತ ಒಪ್ಪಂದ ಆತು. ಬೆಂಗಳೂರಾಗ ಎಲ್ಲಾ ಸಹಿ ಆದವು. ಇಲ್ಲಿ ಏನಾತು? ಫೆಬ್ರವರಿ 24ಕ್ಕ ಕೊಪ್ಪಳ ಬಂದ್. ಗವಿಮಠದ ಅಜ್ಜಾರು ಸ್ವತಃ ಮೆರವಣಿಗಿಗೆ ಬಂದು ಮಾತಾಡಿದ್ರು, ಮೈದಾನದಾಗ ಕಾಲಿಡಾಕ ಜಾಗ ಇರಲಿಲ್ಲ. ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸ್ರಿ ಅಂತ ಹೇಳಬೇಕಾತು.

ವಿಧಾನಸೌಧದ ಎಲ್ಲಾ ಮಹಡಿ ಗೊತ್ತಿರೋ ದೊಡ್ಡ ದೊಡ್ಡ ಸಾಹೇಬರು ಕಂಪನಿಯಾಗ ಇರತಾರ. ಗಿಣಿಗೇರಿ, ಹಿರೇಬಗನಾಳ ಕಡೆ ಮನಿ ಮಾಳಿಗಿ ಮ್ಯಾಲ ಕರಿ ಬೂದಿ ಬೀಳತೈತಿ, ಹತ್ತಿ ಕರ್ರಗಾಗತೈತಿ ಅನ್ನೋದು ಅವರಿಗೆ ಯಾರು ಹೇಳಬೇಕು? ಮಂತ್ರಿ ಒಪ್ಪಿದ್ರ ಊರು ಒಪ್ಪಿದಂಗ ಅಂತ ತಿಳಕೊಂಡಿದ್ದ ತಪ್ಪು.

ಭಾಗ್ಯನಗರ_ಐಟಿಐ
ಅಣ್ಣಾ ಬೂದಿ ಖರೆ. ಆದ್ರ ನಮ್ಮಂಥ ಐಟಿಐ ಹುಡುಗ್ರು ಬೆಂಗಳೂರಿಗೆ ಹೋಗಿ ಪಿಜಿಯಾಗ ಕೊಳೀಬೇಕೇನು? ಕಾರ್ಖಾನಿ ಬ್ಯಾಡ ಅನ್ನೋರು ಕೆಲಸ ಎಲ್ಲೈತಿ ಅಂತ ತೋರಿಸ್ರಿ.

ಗಿಣಿಗೇರಿ_ಮಂದಿ
ತಮ್ಮಾ, ಕೆಲಸ ಬ್ಯಾಡ ಅಂದಿಲ್ಲ. ಊರಿಗೆ ಹತ್ತಿಕೊಂಡು ಕಾರ್ಖಾನಿ ಬ್ಯಾಡ, ಇದ್ದ ಕಾರ್ಖಾನಿ ಹೊಗಿ ಮೊದಲು ಸರಿ ಮಾಡ್ರಿ ಅಂದೀವಿ. ನಿನ್ನ ಮಾತು ನ್ಯಾಯ ಐತಿ, ಆದ್ರ ಉಸಿರಾಡಿದ್ರಲ್ಲ ಕೆಲಸಕ್ಕ ಹೋಗೋದು.

ಮಿಲ್_ಸಿಂಧನೂರು
ನಾವು ಸಣ್ಣ ರೈಸ್ ಮಿಲ್ಲಿನವರು. ನಮಗ ಗವರ್ನಮೆಂಟ್ ಅಫೇರ್ಸೂ ಇಲ್ಲ, ಏನೂ ಇಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿ ತನಕದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಮಾರ್ಕೆಟ್ಟಿನಾಗ 26 ಕೆಜಿ ಚೀಲ ಶುರುವಾದವು. ಹಳೇ ಚೀಲ ಪ್ರಿಂಟ್ ಹಾಕಿಸಿಟ್ಟವರ ರೊಕ್ಕ ಹೋಯ್ತು. ಅದೇ ಸೆಪ್ಟೆಂಬರ್‌ನಾಗ ನುಚ್ಚಕ್ಕಿ ರಫ್ತು ಬಂದ್, ಬಿಳಿ ಅಕ್ಕಿಗೆ ಶೇ 20 ಸುಂಕ. 2023ರ ಜುಲೈ 20ಕ್ಕ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ಪೂರಾ ಬಂದ್. ತೆಗೆದದ್ದು 2024ರ ಸೆಪ್ಟೆಂಬರ್ 28ಕ್ಕ.

ಸೋನಾ ಮಸೂರಿ ತಗೊಂಡು ಹೊರದೇಶಕ್ಕ ಕಳಿಸೋ ವ್ಯಾಪಾರಸ್ಥರು ಒಂದೇ ದಿನದಾಗ ಫೋನ್ ಎತ್ತೋದು ಬಿಟ್ಟರು. ನಮಗ ಸುದ್ದಿ ಗೊತ್ತಾಗಿದ್ದು ವಾಟ್ಸಾಪಿನಾಗ, ಅದೂ ರಾತ್ರಿ. ದೇಶದಾಗ ಅಕ್ಕಿ ರೇಟು ಏರಬಾರದು ಅನ್ನೋದು ಸರ್ಕಾರದ ಲೆಕ್ಕ, ಅದು ತಿಳೀತದ. ಆದ್ರ ಸಿಂಧನೂರು, ಗಂಗಾವತಿ, ಮಾನ್ವಿ, ಸಿರುಗುಪ್ಪದ ಮಿಲ್ಲುಗಳ ಲೆಕ್ಕ ದೆಹಲಿಯಾಗ ಯಾರು ಹೇಳಬೇಕು? ದೊಡ್ಡವರು ಸಂಬಳ ಕೊಟ್ಟು ಮನುಷ್ಯನ್ನ ಇಟ್ಟುಕೊಳ್ತಾರ. ನಾವು ಆ ಸಂಬಳದಾಗ ಇಡೀ ಮಿಲ್ಲು ನಡೆಸ್ತೀವಿ.

ವಕೀಲರು_ಮಾನ್ವಿ
ನಿಮ್ಮ ಮಾತು ಬಹಳ ಮುಖ್ಯ. ಈ ಚರ್ಚೆಯ ತಿರುಳೇ ಅದು. ಸರ್ಕಾರದ ಜೊತೆ ಮಾತಾಡೋದು ತಪ್ಪಲ್ಲ, ಅದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಆದರೆ ಒಂದು ಕಡೆಯವರು ಮಾತ್ರ ಮಾತಾಡುತ್ತಾರೆ, ಅದೂ ಮುಚ್ಚಿದ ಕೋಣೆಯಲ್ಲಿ. ನನ್ನ ತಕರಾರು ಅದು.

ಅಮೆರಿಕದಲ್ಲಿ 1995ರಿಂದ ಲಾಬಿ ಬಹಿರಂಗ ಕಾನೂನು ಇದೆ. ಯಾರ ಪರವಾಗಿ, ಯಾವ ವಿಷಯಕ್ಕೆ, ಎಷ್ಟು ಖರ್ಚು ಮಾಡಿದೆವು ಅಂತ ಮೂರು ತಿಂಗಳಿಗೊಮ್ಮೆ ಬರೆದುಕೊಡಬೇಕು. 2012ರಲ್ಲಿ ವಾಲ್‌ಮಾರ್ಟ್ ಭಾರತದ ಮಾರುಕಟ್ಟೆ ಪ್ರವೇಶಕ್ಕೂ ಸೇರಿಸಿ ಲಾಬಿಗೆ ಹಣ ಖರ್ಚು ಮಾಡಿದೆ ಅಂತ ನಮ್ಮ ಸಂಸತ್ತಿನಲ್ಲಿ ಗದ್ದಲ ಆಯಿತಲ್ಲ, ಆ ಮಾಹಿತಿ ಹೊರಬಂದದ್ದೇ ಅಲ್ಲಿನ ದಾಖಲೆಯಿಂದ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಹಾಗಾಗಿ ಮಾಡುವವರಿಗೆ ಮಾನ್ಯತೆಯೂ ಇಲ್ಲ, ಲೆಕ್ಕವೂ ಇಲ್ಲ.

ಆದರೆ ಏನೂ ಇಲ್ಲ ಅಂತಲೂ ಅಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂತು. ಲಂಚ ಕೊಟ್ಟ ಏಜೆಂಟ್ ಒಬ್ಬನೇ ಅಲ್ಲ, ಅವನು ಯಾವ ಕಂಪನಿಗಾಗಿ ಕೊಟ್ಟನೋ ಆ ಕಂಪನಿಯೂ ಆರೋಪಿಯಾಗುತ್ತದೆ. ನಿರ್ದೇಶಕರ ಸಮ್ಮತಿ ಇತ್ತು ಅಂತ ಸಾಬೀತಾದರೆ ಅವರಿಗೆ ಮೂರರಿಂದ ಏಳು ವರ್ಷ ಜೈಲು. ಬ್ಯಾಗ್ ಹಿಡಿದು ಓಡಾಡೋ ಮನುಷ್ಯನ ಬದಲು ಕಾನೂನು ಓದಿದವರನ್ನ ಹುಡುಕೋದಕ್ಕೆ ಈ ಭಯವೂ ಒಂದು ಕಾರಣ. ಕೋಟೆಯವರೇ, ನಿಮ್ಮ ತಂದೆಯವರಿಗೆ ಇದನ್ನ ಹೇಳಿ.

ಗುಂಜಳ್ಳಿ_ರಾಯಚೂರು
ವಕೀಲ ಸಾಹೇಬ್ರೇ, ಕಾನೂನು ಪುಸ್ತಕದಾಗ ಅದ. ನಿವೃತ್ತ ಐಎಎಸ್ ಅಧಿಕಾರಿಗಳು ಹೋಗಿ ಅದೇ ಕಂಪನಿಗಳಾಗ ಸಲಹೆಗಾರ ಅಂತ ಕೂಡ್ತಾರಲ್ಲ, ಅದಕ್ಕೇನಂತೀರಿ? ನಿನ್ನೆ ತನಕ ಫೈಲಿಗೆ ಸಹಿ ಮಾಡಿದವರು ಇವತ್ತು ಫೈಲ್ ಹಿಡ್ಕೊಂಡು ಬರ್ತಾರ.

ವಕೀಲರು_ಮಾನ್ವಿ
ಅದಕ್ಕೆ ನಿಯಮ ಇದೆ. ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ಕೆಲಸಕ್ಕೆ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಮೊದಲು ಎರಡು ವರ್ಷ ಇತ್ತು, ಆಮೇಲೆ ಒಂದಕ್ಕೆ ಇಳಿಸಿದರು. ನನ್ನ ಅಭಿಪ್ರಾಯ ಕೇಳಿದರೆ ಇಳಿಸಿದ್ದು ತಪ್ಪು, ಮೂರು ಮಾಡಬೇಕಿತ್ತು. ಆ ಅಧಿಕಾರಿಗೆ ಕಿರಿಯರಾಗಿದ್ದವರು ಒಂದು ವರ್ಷಕ್ಕೆ ಅದೇ ಕುರ್ಚಿಯಲ್ಲಿ ಇರುತ್ತಾರೆ. "ಸರ್ ಬಂದಿದ್ದಾರೆ" ಅಂತ ಎದ್ದು ನಿಲ್ಲುತ್ತಾರೆ.

ತೋರಣಗಲ್ಲು_ಶಿಫ್ಟ್
3,667 ಎಕರೆ ಕಥೆ ಯಾರೂ ಎತ್ತಲೇ ಇಲ್ಲವಲ್ಲ. ಜೆಎಸ್‌ಡಬ್ಲ್ಯು ಉಕ್ಕಿನ ಕಂಪನಿಗೆ ಲೀಸ್ ಕಂ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಮೇಲೆ ಕೊಟ್ಟಿದ್ದ ಜಮೀನು. 2019ರಲ್ಲಿ ಕುಮಾರಸ್ವಾಮಿ ಸರ್ಕಾರ ಕ್ರಯ ಮಾಡಿಕೊಡೋಕೆ ಹೊರಟಾಗ ಎಚ್.ಕೆ. ಪಾಟೀಲರು ಆಡಳಿತ ಪಕ್ಷದಲ್ಲೇ ಇದ್ದು ವಿರೋಧಿಸಿದ್ರು, ಬಿಜೆಪಿ ಅಹೋರಾತ್ರಿ ಧರಣಿ ಮಾಡ್ತು. 2021ರ ಏಪ್ರಿಲ್‌ನಲ್ಲಿ ಬಿಜೆಪಿ ಸರ್ಕಾರವೇ ಒಪ್ಪಿತು, ಮೇ ತಿಂಗಳಲ್ಲಿ ತಮ್ಮವರೇ ತಕರಾರು ಎತ್ತಿದ ಮೇಲೆ ತಡೆಹಿಡಿಯಿತು. 2024ರ ಆಗಸ್ಟಿನಲ್ಲಿ ಸಿದ್ದರಾಮಯ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಸರ್ಕಾರ ಮೂರು ಬದಲಾದ್ರೂ ಫೈಲ್ ಒಂದೇ. ವಿರೋಧ ಪಕ್ಷದಲ್ಲಿದ್ದಾಗ ಕೂಗಿದವರು ಅಧಿಕಾರಕ್ಕೆ ಬಂದಾಗ ಸಹಿ ಮಾಡ್ತಾರೆ. ಎಲ್ಲಾ ಪಕ್ಷದ ಜೊತೆ ಸಂಬಂಧ ಇಟ್ಟುಕೊಂಡು, ಫೈಲಿನ ಹಿಂದಿನ ಪುಟಗಳನ್ನ ನೆನಪಿಟ್ಟುಕೊಂಡು ಕೂರೋರು ಕಂಪನಿಗೆ ಬೇಕೇ ಬೇಕು.

ಸಂಡೂರ್_ಗುಡ್ಡ
ಎಕರೆಗೆ ಒಂದೂಕಾಲು ಲಕ್ಷದ ಆಸುಪಾಸಿನ ರೇಟು ಅನ್ನೋದನ್ನೂ ಬರೀರಿ. ಇವತ್ತು ತೋರಣಗಲ್ಲಲ್ಲಿ ಸೈಟ್ ರೇಟು ಕೇಳಿ ನೋಡಿ.

ತೋರಣಗಲ್ಲು_ಶಿಫ್ಟ್
ಒಂದು ಭಾಗಕ್ಕೆ 1.22 ಲಕ್ಷ, ಇನ್ನೊಂದಕ್ಕೆ 1.50 ಲಕ್ಷ. ಹಳೇ ಒಪ್ಪಂದದಲ್ಲಿ ಬರೆದ ರೇಟೇ ಕೊಡಬೇಕು ಅನ್ನೋದು ಕಂಪನಿ ವಾದ, ಈಗಿನ ಬೆಲೆ ಬೇಕು ಅನ್ನೋದು ವಿರೋಧಿಗಳ ವಾದ. ಇದಕ್ಕೇ ಇನ್ನೊಂದು ಚರ್ಚೆ ಶುರು ಮಾಡೋಣ, ಇಲ್ಲಿ ಬೇಡ.

ಹೊಲಮನಿ_ಅಕ್ಕ
ಜಮೀನಿನ ಮಾತು ಬಂತು ಅಂತ ಬರೀತಿದ್ದೀನಿ. ನಮ್ಮ ಮನೆಯ ಹೊಲವೂ ಕೈಗಾರಿಕೆಗೆ ಅಂತ ಹೋಗಿದೆ. ಯಾವ ಕಂಪನಿ ಅಂತ ಹೇಳಲ್ಲ. ನೋಟಿಸ್ ಬಂದಾಗ ಅದನ್ನ ಓದಿ ಅರ್ಥ ಹೇಳೋರು ಊರಲ್ಲಿ ಇರಲಿಲ್ಲ. ಆಕ್ಷೇಪಣೆ ಹಾಕೋಕೆ ದಿನ ಇದೆ ಅಂತ ಗೊತ್ತಾಗುವಷ್ಟರಲ್ಲಿ ದಿನ ಮುಗಿದಿತ್ತು. ನಮ್ಮ ಮಾವ ಡಿಸಿ ಆಫೀಸಿನ ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತು ಬರ್ತಿದ್ರು. ಕಂಪನಿಯವರ ಕಾರು ನೇರ ಪೋರ್ಟಿಕೋಗೆ ಹೋಗ್ತಿತ್ತು.

ಕುಡತಿನಿ ಕಡೆ ನೋಡಿ. 2010ರ ಹೂಡಿಕೆದಾರರ ಸಮಾವೇಶದಲ್ಲಿ ಆರ್ಸೆಲರ್ ಮಿತ್ತಲ್ 30,000 ಕೋಟಿಯ ಕಾರ್ಖಾನೆ ಅಂದ್ರು. ಕೈಗಾರಿಕೆಗೆ ಜಮೀನು ಕೊಡಿಸೋ ಸರ್ಕಾರಿ ಮಂಡಳಿ ಕೆಐಎಡಿಬಿ ಸಾವಿರಾರು ಎಕರೆ ತಗೊಂಡಿತು. ಉಕ್ಕು ಬರಲಿಲ್ಲ. ಬೆಲೆ ಸರಿಯಿಲ್ಲ ಅಂತ ರೈತರು 2022ರ ಡಿಸೆಂಬರ್‌ನಿಂದ ಧರಣಿ ಕೂತ್ರು. ಕಂಪನಿಗೆ ಎಂಡಿ ಪಕ್ಕದಲ್ಲಿ ಕೂರೋ ಮುಖ್ಯಸ್ಥರಿದ್ದಾರೆ, ರೈತರಿಗೆ ಶಾಮಿಯಾನ. ಈ ಹುದ್ದೆಗೆ ಬೆಲೆ ಬಂದಿದೆ ಅಂತ ಸಂತೋಷ ಪಡೋಕೆ ನನ್ನಿಂದ ಆಗಲ್ಲ.

ಕೋಟೆ_ಬಳ್ಳಾರಿ
ಅಕ್ಕಾ, ನೀವು ಬರೆದಿದ್ದನ್ನ ತಂಗಿಗೂ ಓದಿಸಿದೆ. ತುಂಬಾ ಹೊತ್ತು ಸುಮ್ಮನಿದ್ದಳು.

ಯರಮರಸ್_ಟೀ
ಸ್ಥಳೀಯರಿಗೆ ಕೆಲಸ ಅನ್ನೋ ಬಿಲ್ಲಿನ ಗತಿ ನೋಡಿದ್ರ ಯಾರ ಕೈ ಮ್ಯಾಲ ಅದ ಅಂತ ಗೊತ್ತಾಗ್ತದ. 2024ರ ಜುಲೈ 15ಕ್ಕ ಸಂಪುಟ ಒಪ್ಪಿತು: ಮ್ಯಾನೇಜ್‌ಮೆಂಟ್ ಹುದ್ದೆಯಾಗ ಶೇ 50, ಉಳಿದದ್ದರಾಗ ಶೇ 70 ಕನ್ನಡಿಗರಿಗೆ. ಐಟಿ ಕಂಪನಿಗಳ ಸಂಘ ನಾಸ್ಕಾಂ ಮತ್ತ ದೊಡ್ಡ ಉದ್ಯಮಿಗಳು ದನಿ ಎತ್ತಿದರು. 17ಕ್ಕ ತಡೆ ಬಿತ್ತು. ಎರಡೇ ದಿನ! ಕುಡತಿನಿ ರೈತರದ್ದು ಎಷ್ಟು ವರ್ಷ?

ಭಾಗ್ಯನಗರ_ಐಟಿಐ
ನಮಗ ಕಲ್ಯಾಣ ಕರ್ನಾಟಕದ ಮೀಸಲಾತಿ 371ಜೆ ಐತಲ್ರಿ, ಅದಕ್ಕ ಬಿಲ್ ಯಾಕ?

ಯರಮರಸ್_ಟೀ
371ಜೆ ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಖಾಸಗಿ ಕಂಪನಿಗೆ ಅಲ್ಲ ತಮ್ಮಾ. ಸರ್ಟಿಫಿಕೇಟ್ ಮಾಡಿಸಿ ಇಟ್ಟುಕೋ, ಮುಂದ ಬೇಕಾಗ್ತದ.

ಭಾಗ್ಯನಗರ_ಐಟಿಐ
ಸರ್ಟಿಫಿಕೇಟ್ ಮಾಡಿಸಾಕ ನಾಡಕಚೇರಿಗೆ ಹೋದ್ರ ಸರ್ವರ್ ಡೌನ್ ಅಂತಾರ.

ತೋರಣಗಲ್ಲು_ಶಿಫ್ಟ್
ವಿಷಯಕ್ಕೆ ಬನ್ನಿ ಮಾರಾಯ್ರೇ. ಈ ಕೆಲಸ ಮಾಡಿದವರು ಯಾರಾದ್ರೂ ಇದ್ದೀರಾ ಇಲ್ಲಿ?

ಫೈಲ್_ಮತ್ತು_ಗಣಿ
ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಇದೇ ವಿಭಾಗದಲ್ಲಿ ಇದ್ದೇನೆ, ಕಂಪನಿ ಹೆಸರು ಬೇಡ. ದಿನದ ಕೆಲಸ ಹೇಳ್ತೀನಿ.

ಬೆಳಿಗ್ಗೆ ಮೊದಲು ಗೆಜೆಟ್, ಗಣಿ ಸಚಿವಾಲಯ, ಪರಿಸರ ಸಚಿವಾಲಯ, ಜಿಎಸ್‌ಟಿ ಅಧಿಸೂಚನೆ ಎಲ್ಲಾ ನೋಡೋದು. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಕಾರ್ಖಾನೆ ನಡೆಸೋಕೆ ಒಪ್ಪಿಗೆ) ಅವಧಿ ಯಾವಾಗ ಮುಗಿಯುತ್ತೆ, ಅರಣ್ಯ ಅನುಮತಿಯ ಷರತ್ತಿನಲ್ಲಿ ಎಷ್ಟು ಗಿಡ ನೆಟ್ಟಿದ್ದೀವಿ, ಎಷ್ಟು ಬದುಕಿವೆ, ಈ ಲೆಕ್ಕ. ಅಧಿವೇಶನ ಇದ್ದಾಗ ಶಾಸಕರು ನಮ್ಮ ಕಾರ್ಖಾನೆ ಬಗ್ಗೆ ಪ್ರಶ್ನೆ ಕೇಳಿದ್ರೆ ಇಲಾಖೆಯವರು ಸಂಜೆಯೊಳಗೆ ಅಂಕಿ ಕೇಳ್ತಾರೆ. 15 ಕೋಟಿವರೆಗಿನ ಪ್ರಸ್ತಾವ ಡಿಸಿ ಅಧ್ಯಕ್ಷತೆಯ ಸಮಿತಿಯಲ್ಲಿ, 500 ಕೋಟಿ ದಾಟಿದ್ರೆ ಮುಖ್ಯಮಂತ್ರಿಗಳ ಸಮಿತಿಯಲ್ಲಿ ತೀರ್ಮಾನ. ಡ್ಯಾಮಿನ ನೀರು ಬಿಡೋದನ್ನ ತೀರ್ಮಾನಿಸೋ ತುಂಗಭದ್ರಾ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ ಅಂದ್ರೆ ನಮ್ಮ ಎದೆ ಡವಡವ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕಾರ್ಖಾನೆಗೆ ಎಷ್ಟು ದಿನದ ನೀರಿದೆ ಅಂತ ಆಡಳಿತ ಮಂಡಳಿ ಮೊದಲು ಕೇಳಿದ್ದು ನಮ್ಮ ವಿಭಾಗವನ್ನ. ಆಚೆ ಯೂರೋಪು: 2026ರ ಜನವರಿಯಿಂದ ಅಲ್ಲಿಗೆ ಹೋಗೋ ಉಕ್ಕಿಗೆ ಇಂಗಾಲದ ಲೆಕ್ಕದ ಮೇಲೆ ಹಣ ಕಟ್ಟೋ ನಿಯಮ ಬಂದಿದೆ. ಇತ್ತ ಆಮದು ಉಕ್ಕಿನ ಮೇಲೆ ಕೇಂದ್ರ 2025ರ ಏಪ್ರಿಲ್‌ನಲ್ಲಿ ಇಲ್ಲಿನ ಉಕ್ಕು ಉದ್ಯಮ ಕಾಪಾಡೋಕೆ ಶೇ 12 ತಾತ್ಕಾಲಿಕ ಸುಂಕ ಹಾಕಿತು. ಇವೆಲ್ಲಾ ಒಂದೇ ಟೇಬಲ್ಲಿಗೆ ಬರುತ್ತೆ. ಅದಕ್ಕೇ ಆ ಟೇಬಲ್ ದೊಡ್ಡದಾಯ್ತು.

ಆದ್ರೆ ಹೊರಗಿನವರಿಗೆ ಕಾಣದ ವಿಷಯ ಒಂದಿದೆ. ಈ ಕೆಲಸದ ದೊಡ್ಡ ಜಗಳ ವಿಧಾನಸೌಧದಲ್ಲಿ ಆಗಲ್ಲ, ಕಂಪನಿಯ ಒಳಗೇ ಆಗುತ್ತೆ. ಪ್ರಾಜೆಕ್ಟ್‌ನವರು "ಅನುಮತಿ ಹೇಗೂ ಬರುತ್ತೆ, ಕಾಂಪೌಂಡ್ ಕಟ್ಟಿಬಿಡೋಣ" ಅಂತಾರೆ. ಬೇಡ ಅನ್ನಬೇಕಾದವರು ನಾವು. ಸಾರ್ವಜನಿಕ ಅಹವಾಲು ಸಭೆಯಲ್ಲಿ ಹೆಣ್ಣುಮಕ್ಕಳು ಧೂಳಿನ ಬಗ್ಗೆ ಹೇಳಿದ್ದನ್ನ ಎಂಡಿ ಮುಂದೆ ಹಾಗೇ ಓದಬೇಕಾದವರು ನಾವು. ಓದಿದ್ರೆ "ನೀನು ಯಾರ ಕಡೆ" ಅಂತ ಕೇಳ್ತಾರೆ. ಮೂಲೆಯ ಟೇಬಲ್ಲಿನವನು ಈ ಮಾತು ಹೇಳೋಕೆ ಆಗ್ತಿರಲಿಲ್ಲ, ಹೇಳಿದ್ರೂ ಯಾರೂ ಕೇಳ್ತಿರಲಿಲ್ಲ. ಮುಖ್ಯಸ್ಥರಿಗೆ ತೂಕ ಇದ್ರೆ ಮಾತ್ರ ಕೆಟ್ಟ ಸುದ್ದಿ ಮೇಲಕ್ಕೆ ಹೋಗುತ್ತೆ. ಕೊಪ್ಪಳದಂಥ ಕಡೆ ಊರಿನ ಸಿಟ್ಟು ಕಾಗದಕ್ಕೆ ಸಹಿ ಬೀಳೋಕೆ ಮುಂಚೆ ಬೋರ್ಡಿಗೆ ಗೊತ್ತಾಗಬೇಕು.

ಗಿಣಿಗೇರಿ_ಮಂದಿ
ಇಷ್ಟು ನೇರ ಬರದ್ರಲ್ಲ, ಚಲೋ ಆತು. ನಿಮ್ಮಂಥವರು ಊರಿಗೆ ಬಂದು ಕುಂತು ಮಾತಾಡ್ರಿ. ಅಹವಾಲು ಸಭೆ ದಿನ ಪೊಲೀಸ್ ವ್ಯಾನ್ ಜೊತಿಗೆ ಬರಬ್ಯಾಡ್ರಿ.

ಹೊಲಮನಿ_ಅಕ್ಕ
ನೀವು ಎಂಡಿ ಮುಂದೆ ಓದಿದ್ದನ್ನ ನಾವೂ ನೋಡೋ ಹಾಗಿದ್ರೆ ನಂಬ್ತೀನಿ. ಯಾವ ಮಂತ್ರಿಯನ್ನ ಯಾವ ದಿನ ಯಾವ ವಿಷಯಕ್ಕೆ ಭೇಟಿ ಆದ್ರಿ ಅಂತ ಕಂಪನಿ ವೆಬ್‌ಸೈಟಲ್ಲಿ ಹಾಕೋಕೆ ಏನು ಕಷ್ಟ?

ವಕೀಲರು_ಮಾನ್ವಿ
ಅಕ್ಕಾ, ಅರ್ಧ ದಾರಿ ಈಗಾಗಲೇ ಇದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ (ವ್ಯವಹಾರದ ಜವಾಬ್ದಾರಿ ಮತ್ತು ಸುಸ್ಥಿರತೆ) ಅಂತ ವರದಿ ಕೊಡಬೇಕು. ಅದರ ಏಳನೇ ತತ್ವವೇ ಇದು: ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವಾಗ ಜವಾಬ್ದಾರಿಯಿಂದ, ಪಾರದರ್ಶಕವಾಗಿ ನಡೆದುಕೊಳ್ಳಬೇಕು. ಯಾವ ಯಾವ ಉದ್ಯಮ ಸಂಘಗಳ ಸದಸ್ಯರು ಅನ್ನೋದನ್ನ ಕಡ್ಡಾಯವಾಗಿ ಹೇಳಬೇಕು. ಯಾವ ನೀತಿಗಾಗಿ ಮಾತಾಡಿದೆವು ಅನ್ನೋದು ಮಾತ್ರ ಐಚ್ಛಿಕ. ಅದನ್ನೂ ಕಡ್ಡಾಯ ಮಾಡಿ ಅಂತ ನಾವು ಕೇಳಬೇಕು. ಈ ವರದಿ ಕಂಪನಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ಓದಲು ಯಾರ ಅಪ್ಪಣೆಯೂ ಬೇಡ.

ಕೋಟೆ_ಬಳ್ಳಾರಿ
ಫೈಲ್ ಅವರೇ, ತಂಗಿ ಸೇರೋ ಮುಂಚೆ ಏನು ಕೇಳಬೇಕು?

ಫೈಲ್_ಮತ್ತು_ಗಣಿ
ಮುಖ್ಯಸ್ಥರು ಯಾರಿಗೆ ರಿಪೋರ್ಟ್ ಮಾಡ್ತಾರೆ ಅಂತ ಕೇಳಲಿ. ಸೇಲ್ಸಿಗೋ ಪ್ರಾಜೆಕ್ಟಿಗೋ ಆದ್ರೆ ಬೇಡ, ಎಂಡಿಗೆ ಆದ್ರೆ ಸರಿ. ಉಡುಗೊರೆ, ಆತಿಥ್ಯದ ಬಗ್ಗೆ ಬರವಣಿಗೆಯಲ್ಲಿ ನಿಯಮ ಇದೆಯಾ ಅಂತ ಕೇಳಲಿ. ಹೊರಗಿನ ಏಜೆಂಟ್‌ಗಳಿಗೆ ನಗದು ಕೊಡೋ ಪದ್ಧತಿ ಇದ್ರೆ ಅಲ್ಲಿಂದ ಎದ್ದು ಬರಲಿ. ಅಪ್ಪಾಜಿಗೆ ಆಫರ್ ಲೆಟರ್ ಜೊತೆ ಆ ನಿಯಮದ ಪ್ರತಿಯನ್ನೂ ತೋರಿಸಿ.

ಮಿಲ್_ಸಿಂಧನೂರು
ವಕೀಲ ಸರ, ನಮ್ಮ ಪಾಲಿಗೆ ಏನಾದ್ರೂ ಹೇಳ್ರಿ. ನಾವು ನಾಲ್ಕು ತಾಲ್ಲೂಕಿನ ಮಿಲ್ಲಿನವರು ಸೇರಿ ಒಬ್ಬ ಹುಡುಗನ್ನ ಇಟ್ಟರ ಆಗ್ತದೇನು?

ವಕೀಲರು_ಮಾನ್ವಿ
ಖಂಡಿತ ಆಗುತ್ತದೆ. 2014ರ ಕೇಂದ್ರದ ನೀತಿ ಪ್ರಕಾರ ಹೊಸ ಮಸೂದೆಯ ಕರಡನ್ನ ಕನಿಷ್ಠ 30 ದಿನ ಜನರ ಅಭಿಪ್ರಾಯಕ್ಕೆ ಇಡಬೇಕು. ಪರಿಸರದ ಕರಡು ಅಧಿಸೂಚನೆಗೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ರಫ್ತು ನಿಷೇಧದಂಥದ್ದು ರಾತ್ರೋರಾತ್ರಿ ಬರುತ್ತದೆ, ಅದಕ್ಕೆ ಮುಂಚಿತವಾಗಿಯೇ ಅಂಕಿ ಅಂಶ ಸಚಿವಾಲಯದ ಕೈಯಲ್ಲಿ ಇರಬೇಕು. ಮೊದಲು ನಿಮ್ಮ ಮಿಲ್ಲುಗಳ ಲೆಕ್ಕ ಒಂದು ಹಾಳೆಯಲ್ಲಿ ಬರೆಯಿರಿ: ತಿಂಗಳಿಗೆ ಎಷ್ಟು ಭತ್ತ, ಎಷ್ಟು ಜನ ಕೂಲಿ, ಎಷ್ಟು ಅಕ್ಕಿ ಹೊರರಾಜ್ಯಕ್ಕೆ, ಎಷ್ಟು ಹೊರದೇಶಕ್ಕೆ. ಮನವಿಯ ಕರಡು ನಾನು ಫೀಸಿಲ್ಲದೆ ಮಾಡಿಕೊಡುತ್ತೇನೆ. ಅಕ್ಕಾ, ನಿಮ್ಮ ಊರಿನ ಭೂಸ್ವಾಧೀನದ ನೋಟಿಸುಗಳ ಪ್ರತಿ ಇದ್ದರೆ ನೀವೂ ಕಳಿಸಿ.

ಮಿಲ್_ಸಿಂಧನೂರು
ಭತ್ತದ ಕಟಾವು ಮುಗಿಲಿ, ಗಂಗಾವತಿಯವರನ್ನೂ ಕರ್ಕೊಂಡು ಮಾನ್ವಿಗೇ ಬರ್ತೀವಿ ಸರ. ಸಿರುಗುಪ್ಪ ಕಡೆಯವರು ಯಾರಾದ್ರೂ ಇದ್ರ ಇಲ್ಲೇ ಹೇಳ್ರಿ.